ಬಸಿಲಿಯೊ ಅಂಟಿಸಿದ ತೋಳದ ಕೂದಲು

ನನ್ನ ತಮ್ಮ ಹಸಿಂತೊ ಸತ್ತ ಸುದ್ದಿಯನ್ನು ಮೊದಲು ತಂದವಳು ನಗುತ್ತ ಬಂದಳು. ಪಕ್ಕದ ಮನೆಯ ರಮೋನಾ. ಹೊಳೆಯ ದಂಡೆಯಲ್ಲಿ ಸಿನಿಮಾ ತೆಗೆಯುವುದನ್ನು ನೋಡಲು ಹೋಗಿದ್ದಳು.

“ಪೆತ್ರೋನಕ್ಕಾ, ನಿಮ್ಮ ತಮ್ಮ ಇವತ್ತು ಏನು ಚೆನ್ನಾಗಿ ಸತ್ತ ಅಂತೀರಿ! ಎದೆ ಹಿಡ್ಕೊಂಡು ಮರಳಲ್ಲಿ ಉರುಳಿದ. ನಾವೆಲ್ಲ ಚಪ್ಪಾಳೆ ತಟ್ಟಿದ್ವಿ. ಬಸಿಲಿಯೊ ‘ಸಾಕು, ಏಳೋ’ ಅಂದ್ರೂ ಏಳಲೇ ಇಲ್ಲ!”

“ಆಮೇಲೆ ಎದ್ದನೇನೇ?” ಎಂದೆ.

ಅವಳ ನಗು ಅಲ್ಲಿಗೇ ನಿಂತಿತು.

ಸ್ವಲ್ಪ ಹೊತ್ತಿಗೆ ಮೀನಿನ ಗಾಡಿಯಲ್ಲಿ ಅವನನ್ನು ಮನೆಗೆ ತಂದರು. ಹೃದಯ ನಿಂತಿದೆ ಎಂದರು ವೈದ್ಯರು. ಮುಖದ ತುಂಬ ವೇಷಕ್ಕೆ ಅಂಟಿಸಿದ ತೋಳದ ಕೂದಲು ಹಾಗೆಯೇ ಇತ್ತು.

ಬಸಿಲಿಯೊ ನಮ್ಮೂರಿನಲ್ಲಿ ಮದುವೆಗಳ ವೀಡಿಯೊ ತೆಗೆಯುವವನು. ಹಳೆಯ ಪರದೇಶದ ತೋಳಮನುಷ್ಯನ ಚಿತ್ರವೊಂದರ ಮೇಲೆ ಅವನಿಗೆ ಪ್ರಾಣ. ಅದನ್ನೇ ಮತ್ತೆ ಮತ್ತೆ ತೆಗೆದ, ಪ್ರತಿಸಲ ಹಿಂದಿನದಕ್ಕಿಂತ ಅಗ್ಗವಾಗಿ. ಅಲ್ಲಿ ಇಂಗ್ಲೆಂಡಿನ ಮಂಜು. ಇಲ್ಲಿ ಸೊಳ್ಳೆ ಓಡಿಸುವ ಸಗಣಿಹೊಗೆ. ತೋಳಕ್ಕೆ ಬೆದರಿ ಚೀರಬೇಕಾದ ಸುಂದರಿ ಕೆಮ್ಮುತ್ತ ಓಡಿದಳು. ಬೇಕರಿಯ ತಟ್ಟೆಯೇ ಚಂದ್ರ. ಬೇಕರಿಯವನು ತಟ್ಟೆ ವಾಪಸು ಕೇಳಿದ ದಿನ ಅಮಾವಾಸ್ಯೆ. ದೀಪದ ಖರ್ಚು ಉಳಿಸಲು ರಾತ್ರಿಯ ದೃಶ್ಯಗಳನ್ನೆಲ್ಲ ಕ್ಯಾಮೆರಾಕ್ಕೆ ನೀಲಿ ಕಾಗದ ಕಟ್ಟಿ ಉರಿಬಿಸಿಲಿನಲ್ಲಿ ತೆಗೆಯುತ್ತಿದ್ದ. ಆ ಬಿಸಿಲಿನಲ್ಲಿ ಕುದುರೆಬಾಲದ ಕೂದಲು ಹೊತ್ತು ನನ್ನ ತಮ್ಮ ಹುಣ್ಣಿಮೆಗೆ ಊಳಿಡುತ್ತಿದ್ದ.

ಅವನನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ನಾನು ಹಿರಿಯಳು, ನನ್ನ ಬೆನ್ನಿಗೆ ಸಾಲಾಗಿ ಏಳು ಗಂಡು, ಕೊನೆಯವನು ಹಸಿಂತೊ. ಏಳನೆಯವನು ಲೊಬಿಸೋನ್, ಅಂದರೆ ತೋಳಮನುಷ್ಯ, ಆಗುತ್ತಾನೆಂದು ನಮ್ಮ ಕೊರಿಯೆಂತೆಸ್ ಸೀಮೆಯಲ್ಲಿ ನಂಬಿಕೆ. ಆ ಶಾಪ ತಟ್ಟದಿರಲೆಂದು ಅಂಥ ಮಗುವಿನ ದೀಕ್ಷಾಸ್ನಾನದಲ್ಲಿ ದೇಶದ ಅಧ್ಯಕ್ಷರೇ ಧರ್ಮತಂದೆಯಾಗುವ ಪದ್ಧತಿಯಿದೆ. ಹಸಿಂತೊನಿಗೂ ಆದರು, ತಾವು ಬಾರದೆ ಒಬ್ಬ ಗುಮಾಸ್ತನನ್ನು ಕಳಿಸಿದರು. ಗುಮಾಸ್ತನ ಕೈಗುಣದ ಮೇಲೆ ಊರಿಗೆ ಕೊನೆಯವರೆಗೂ ನಂಬಿಕೆ ಬರಲಿಲ್ಲ.

“ಬೇರೆಯವರು ನಟಿಸಬೇಕು, ಇವನು ಹುಟ್ಟಿರೋದೇ ಹಾಗೆ. ಇದಕ್ಕೆ ಸಂಬಳ ಯಾಕೆ?” ಎನ್ನುತ್ತಿದ್ದ ಬಸಿಲಿಯೊ.

ಸಂಜೆ ಊರೆಲ್ಲ ಶವ ನೋಡಲು ಬರುವುದಿತ್ತು. ಪೆಟ್ಟಿಗೆಯಲ್ಲಿ ಆ ಮುಖ ಕಂಡರೆ ಅರುವತ್ತು ವರ್ಷ ಪಿಸುಗುಟ್ಟಿದವರು ಇನ್ನು ಕೂಗಿಯೇ ಹೇಳುತ್ತಾರೆ. ನನ್ನ ತಮ್ಮ ಮನುಷ್ಯನ ಮುಖದಲ್ಲಿ ಮಣ್ಣಿಗೆ ಹೋಗಬೇಕು. ನಾನು ದೇವರಲ್ಲಿ ಕೇಳಿದ್ದು ಅಷ್ಟೇ. ಆದರೆ ಬಸಿಲಿಯೊ ಹಾಕಿದ್ದು ದೋಣಿಯ ಬಿರುಕಿಗೆ ಬಳಿಯುವ ಅಂಟು. ಸೋಪಿಗೆ ಅದು ಜಗ್ಗಲಿಲ್ಲ.

ಕ್ಷೌರಿಕ ಕ್ರಿಸಾಂತೊನನ್ನು ಕರೆಸಿದೆ. ಅವನು ಬಾಗಿಲಲ್ಲೇ ನಿಂತ.

“ಅಕ್ಕಾ, ತಪ್ಪು ತಿಳೀಬೇಡಿ. ಲೊಬಿಸೋನನ್ನ ಮುಟ್ಟಿದವನಿಗೆ ಆ ಶಾಪ ಅಂಟ್ಕೊಳ್ಳುತ್ತೆ. ನಾಳೆ ನಾನೇ ಊಳಿಟ್ರೆ ನನ್ನ ಕತ್ತಿಗೆ ಕುತ್ತಿಗೆ ಕೊಡೋರು ಯಾರು?”

“ಇದು ಕುದುರೆಬಾಲದ ಕೂದಲು ಕಣೋ!”

“ಹೊರಗಿಂದು ಕುದುರೇದು ಅಕ್ಕಾ. ಅಡೀಲಿರೋದು ಯಾರದು ಅಂತ ನೋಡಿದೋರ್ಯಾರು?”

ಹಾಗಂದು ಹೊರಟೇಹೋದ. ಉಳಿದವನು ಅಂಟಿಸಿದವನೇ. ಬಸಿಲಿಯೊ ಅಳುತ್ತಲೇ ಬಂದ, ಹೆಗಲಿಗೆ ಕ್ಯಾಮೆರಾ ಹಾಕಿಕೊಂಡೇ ಬಂದ.

“ಬಿಡಿಸ್ತೀನಿ ಅಕ್ಕಾ, ಒಂದೊಂದೇ ಎಳೆ. ಆದರೆ ಅದನ್ನ ಕ್ಯಾಮೆರಾದಲ್ಲಿ ತೆಗೀಲಿಕ್ಕೆ ಬಿಡಿ. ಹಳೇ ಚಿತ್ರದಲ್ಲಿ ತೋಳ ಸತ್ತಮೇಲೆ ನಿಧಾನಕ್ಕೆ ಮನುಷ್ಯನ ಮುಖ ಬರುತ್ತೆ. ಅದನ್ನ ತೆಗೆಯೋವಷ್ಟು ದುಡ್ಡು ನನಗೆ ಯಾವತ್ತೂ ಹುಟ್ಟಲಿಲ್ಲ.”

“ಹೆಣದ ಮುಂದೆ ವ್ಯಾಪಾರ ಮಾಡ್ತೀಯಾ, ನಾಚಿಕೆಗೆಟ್ಟವನೇ?”

“ಆ ದೃಶ್ಯ ಬೇಕು ಅಂತ ಅವನೇ ಕೇಳ್ತಿದ್ದ ಅಕ್ಕಾ.”

ಅದು ಸುಳ್ಳಲ್ಲ. ಒಂದು ಚಿತ್ರದ ಕೊನೆಗೆ ಕರೆಂಟು ಹೋಗಿತ್ತು. ಇನ್ನೊಂದರಲ್ಲಿ ಟೇಪು ಮುಗಿದಿತ್ತು. ಅದೇ ಟೇಪಿನಲ್ಲಿ ಮೊದಲೇ ಇದ್ದ ಮೇಯರರ ಮಗಳ ಮದುವೆಯನ್ನು ಅಳಿಸುವ ಧೈರ್ಯ ಯಾರಿಗೂ ಇರಲಿಲ್ಲ. ಹಸಿಂತೊ ಊಟಕ್ಕೆ ಕೂತಾಗ ಹೇಳುತ್ತಿದ್ದ: “ಅಕ್ಕಾ, ಎಷ್ಟು ಸಲ ಸತ್ತೆ! ಒಂದು ಸಲಾನೂ ಮನುಷ್ಯನಾಗಿ ಸಾಯಲಿಲ್ಲ ನೋಡು.”

“ತೆಗಿ,” ಎಂದೆ.

ಕ್ಯಾಮೆರಾವನ್ನು ಕುರ್ಚಿಯ ಮೇಲಿಟ್ಟು, ಬೆಚ್ಚಗಿನ ಎಣ್ಣೆ ಸವರಿ ಬಸಿಲಿಯೊ ಶುರುಮಾಡಿದ. ನಾನು ಜಪಸರ ಹಿಡಿದು ಪಕ್ಕದಲ್ಲಿ ಕೂತೆ. ಹಣೆ ಬಂತು. ಒಂದು ಹುಬ್ಬು ಬಂತು. ಆಗ ಕ್ಯಾಮೆರಾದ ಕೆಂಪು ದೀಪ ಆರಿತು. ಬ್ಯಾಟರಿ ಮುಗಿದಿತ್ತು, ಹೊಸದು ಕೊಳ್ಳಲು ಎಂದಿನಂತೆ ಅವನ ಬಳಿ ಹಣವಿರಲಿಲ್ಲ.

ಅವನು ಕ್ಯಾಮೆರಾ ನೋಡಿದ, ನನ್ನನ್ನು ನೋಡಿದ. ಎದ್ದು ಹೋಗುತ್ತಾನೆಂದುಕೊಂಡೆ. ಮತ್ತೆ ಎಣ್ಣೆಯಲ್ಲಿ ಬೆರಳದ್ದಿದ. ಕೆನ್ನೆ ಬಂತು. ಮೂಗು ಬಂತು. ಮೇಲ್ದುಟಿಯ ಹತ್ತಿರ ಚರ್ಮಕ್ಕೆ ನೋವಾದೀತೆಂಬಂತೆ ಬಾಯಲ್ಲಿ ಊದುತ್ತ ಬಿಡಿಸಿದ. ನಾನು ಬೈಗುಳಕ್ಕೆಂದು ಕೂಡಿಟ್ಟ ಮಾತುಗಳೆಲ್ಲ ಒಂದೊಂದಾಗಿ ಬಿಟ್ಟುಹೋದವು.

ಸಂಜೆ ಬಂದವರು ಪೆಟ್ಟಿಗೆಯಲ್ಲಿ ಬಗ್ಗಿ ನೋಡಿದರು. ಕ್ರಿಸಾಂತೊ ಬಹಳ ಹೊತ್ತು ನೋಡಿದ. “ನಿಮ್ಮಮ್ಮನ ಮುಖ ಅಚ್ಚು ಹೊಯ್ದಂಗಿದೆ ಅಕ್ಕಾ,” ಎಂದು ಅವನ ಕೈ ಮುಟ್ಟಿದ. ಆಮೇಲೆ ಎಲ್ಲರೂ ಮುಟ್ಟಿದರು. ಅವರನ್ನು ಮೊಣಕಾಲೂರಿಸಿ ನಾನು ಪ್ರಾರ್ಥನೆ ಹೇಳಿಸಿದೆ:

ಪ್ರಭುವೇ, ಹಸಿಂತೊ ನಿನ್ನ ಬಳಿಗೆ ಬರುತ್ತಿದ್ದಾನೆ. ನೀನು ಕೊಟ್ಟ ಮುಖದಲ್ಲೇ ಬರುತ್ತಿದ್ದಾನೆ, ಗುರುತು ಹಿಡಿ. ಬಿಸಿಲಿನಲ್ಲಿ ಬಹಳ ದಣಿದಿದ್ದಾನೆ, ನೆರಳಿನಲ್ಲಿ ಕೂರಿಸು. ಅವನ ಆತ್ಮ ನಿನ್ನಲ್ಲಿ ಶಾಂತವಾಗಿರಲಿ. ಆಮೆನ್.