ಆರು ಸಲ ಎತ್ತಿದ ಕೈ

ಸೀಟು ಗಟ್ಟಿಯಾಗಿ ಹಿಡಿದುಕೊಳ್ಳಿ! ಖಾನಾಪುರದ ಈ ಅತಿಶಯ ಎಂಬ ಹುಡುಗ ಎಂಥವನೆಂದು ನಿಮಗೆ ಗೊತ್ತಿಲ್ಲ. ನಾನು ಕೈ ಎತ್ತಿದರೆ ಯಂತ್ರ ನಿಲ್ಲುತ್ತದೆ. ಒಂದಲ್ಲ, ಆರು ಸಲ ನಿಂತಿದೆ. ಅದೂ ಬೆಳಗಾವಿಯ ಸದಾಶಿವನಗರದಲ್ಲಿ, ಹಲ್ಲಿನ ಡಾಕ್ಟರ ಕಣ್ಣೆದುರೇ. ನನ್ನ ಏಳು ವರ್ಷದ ತಂಗಿ ಬ್ರಾಹ್ಮಿಯ ಹಲ್ಲು ಉಳಿದದ್ದು ಈ ಕೈಯಿಂದಲೇ.

ಈಗ ಫ್ಲ್ಯಾಶ್‌ಬ್ಯಾಕ್. ಬ್ರಾಹ್ಮಿಯ ದವಡೆ ಹಲ್ಲು ಹುಳುಕಾಗಿತ್ತು. ಮೊದಲ ಸಲ ಕರೆದೊಯ್ದಾಗ ಅವಳು ಬಾಯಿ ತೆರೆಯಲೇ ಇಲ್ಲ. "ಈ ವಾರದಾಗ ತುಂಬಿಸಿದ್ರ ಉಳೀತೈತಿ, ತಡಾ ಮಾಡಿದ್ರ ಕೀಳಬೇಕಾಗತೈತಿ," ಎಂದು ಡಾಕ್ಟರ್ ನಾಗರತ್ನಾ ಹೇಳಿ ಕಳಿಸಿದ್ದರು.

ಅವಳ ಹೆದರಿಕೆಗೆ ಕಾರಣ? ಕಥೆಯ ವಿಲನ್ನೂ ನಾನೇ. ನಮ್ಮ ಅಪ್ಪ ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸ ಮಾಡುತ್ತಾರೆ. ಕಾದ ಕಬ್ಬಿಣ ಎತ್ತುವ ಮಾರುದ್ದದ ಇಕ್ಕಳದ ಫೋಟೊ ಅವರ ಮೊಬೈಲಿನಲ್ಲಿತ್ತು. ಅದನ್ನು ತೋರಿಸಿ, "ಹಲ್ಲಿನ ಡಾಕ್ಟರ್ ಇಂಥಾದ್ರಲೇ ಕೀಳ್ತಾರ, ಹ್ಹಹ್ಹಹ್ಹಾ!" ಎಂದು ನಕ್ಕಿದ್ದೆ. ಕಾಮಿಡಿ ಸೀನ್ ಅಂದುಕೊಂಡಿದ್ದೆ. ಅಂದಿನಿಂದ ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ಓಡಾಡುತ್ತಿದ್ದಳು.

ಶನಿವಾರ ಹೀರಾಬಾಯಿ ಅಜ್ಜಿ ನಮ್ಮಿಬ್ಬರನ್ನೂ ಕರೆದುಕೊಂಡು ಬೆಳಗಾವಿ ಬಸ್ಸು ಹತ್ತಿದಳು. ದವಾಖಾನೆಯಲ್ಲಿ ಬ್ರಾಹ್ಮಿ ತುಟಿ ಬಿಗಿಹಿಡಿದೇ ಗೊಣಗಿದಳು: "ಮೊದಲ ದಾದಾ ಕುಂದರಲಿ."

ದಾದಾ ಅಂದರೆ ಅಣ್ಣ, ನಾನೇ. ಕಾಲರ್ ಏರಿಸಿದೆ. ಸ್ಲೋ ಮೋಶನ್‌ನಲ್ಲಿ ನಡೆದೆ. "ಈ ಕುರ್ಚಿ ಇಷ್ಟ ದಿನಾ ನನ್ನ ದಾರೀನ ಕಾಯಾಕತ್ತಿತ್ತು!"

"ಬಾರಪಾ ಹೀರೋ, ಬಾಯಿ ತೆಗಿ," ಎಂದ ಡಾಕ್ಟರು ಕನ್ನಡಿ ಇಟ್ಟು ನೋಡಿದರು. "ಅಯ್ಯ, ನಿನಗೂ ಒಂದು ಹುಳುಕ ಐತಲ್ಲೋ!"

ಅಜ್ಜಿಗೆ ಸಿಟ್ಟೇ ಬಂತು. "ಹೆಂಗ ಆದೀತ್ರೀ ಡಾಕ್ಟರ್ ಬಾಯಾರ? ನಾವು ಜೈನರು. ಹೊತ್ತ ಮುಳುಗಿದ ಮ್ಯಾಲ ನಮ್ಮ ಮನ್ಯಾಗ ಯಾರೂ ಒಂದ ಅಗಳೂ ಬಾಯಾಗ ಹಾಕಂಗಿಲ್ಲ!"

"ಭಾಳ ಚಲೋ ಪದ್ಧತಿ ಅಜ್ಜಿ. ಆದ್ರ ಉಂಡ ಮ್ಯಾಲ ಮಕ್ಕಳು ಹಲ್ಲು ತಿಕ್ಕತಾರೇನು?"

"ಮುಂಜಾನಿ ತಿಕ್ಕತಾರಲ್ರೀ."

"ಸಂಜೀಕ ಆರಕ್ಕ ಉಂಡದ್ದು ಮುಂಜಾನಿ ಏಳರ ತನಕಾ ಹಲ್ಲಾಗ ಕುಂತಿರತೈತಿ. ನೀವು ಉಪಾಸ, ಬಾಯಾಗಿನ ಕ್ರಿಮಿಗೆ ಹದಿಮೂರು ತಾಸು ಊಟ!"

"ಮತ್ತ ಹೊತ್ತ ಮುಳುಗಿದ ಮ್ಯಾಲ ನೀರೂ ಮುಟ್ಟಂಗಿಲ್ಲಲ್ರೀ?"

"ಉಂಡ ಕೂಡ್ಲೆ, ಹೊತ್ತ ಇರೂ ಮುಂದನ ತಿಕ್ಕಸ್ರಿ. ಮುಗೀತು."

ಅಜ್ಜಿ ನನ್ನನ್ನೇ ದಿಟ್ಟಿಸಿದಳು. "ಇವತ್ತ ಸಂಜಿಯಿಂದನ. ನಾ ಬಾಜೂಕ ನಿಂದರತೀನಿ."

ಡಾಕ್ಟರು ನನ್ನ ಹುಳುಕು ತುಂಬಲು ಯಂತ್ರ ಎತ್ತಿಕೊಂಡು ಹೇಳಿದರು: "ತ್ರಾಸ ಆದ್ರ ಎಡಗೈ ಎತ್ತು. ಅಲ್ಲೇ ನಿಲ್ಲಸ್ತೀನಿ. ಮಾತಂದ್ರ ಮಾತು."

ಯಂತ್ರ ಗುಂಯ್ ಎಂದಿತು. ಕೈ ಎತ್ತಿದೆ. ನಿಂತಿತು! ಮತ್ತೆ ಗುಂಯ್. ಮತ್ತೆ ಕೈ. ಮತ್ತೆ ನಿಂತಿತು! ಬ್ರಾಹ್ಮಿ ಅಜ್ಜಿಯ ತೊಡೆಯಿಂದ ಇಳಿದು ಹತ್ತಿರ ಬಂದು ಎಣಿಸತೊಡಗಿದಳು. ಆರನೆಯ ಸಲ ಕೈ ಇಳಿಸಿದ ಮೇಲೆ ನನ್ನ ಹಲ್ಲು ತುಂಬಿ ಮುಗಿಯಿತು.

"ನನಗೂ ಹಂಗ ನಿಲ್ಲಸ್ತೀರೇನ್ರೀ?" ಎಂದು ಬ್ರಾಹ್ಮಿ ಕೇಳಿದಳು.

"ನಿಲ್ಲಸ್ತೀನವಾ."

"ಮತ್ತ ಆ ದೊಡ್ಡ ಇಕ್ಕಳ?"

ಡಾಕ್ಟರು ನಕ್ಕು ತಟ್ಟೆ ತೋರಿಸಿದರು. ಸಣ್ಣ ಕನ್ನಡಿ, ಕಡ್ಡಿಯಂಥ ಒಂದೆರಡು ಸಾಮಾನು, ಅಷ್ಟೇ. ಬ್ರಾಹ್ಮಿ ಕನ್ನಡಿಯನ್ನು ಕೈಯಲ್ಲಿ ಹಿಡಿದು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಫ್ಯಾನ್ ನೋಡಿದೆ. ಅವಳು ತಾನೇ ಕುರ್ಚಿ ಹತ್ತಿ ಬಾಯಿ ತೆರೆದಳು. ಹಲ್ಲು ಉಳಿಯಿತು. ಶುಭಂ!

ಇಲ್ಲ, ತಡೆಯಿರಿ. ಸೆನ್ಸಾರ್ ಮಾಡಿದ ಭಾಗವೊಂದಿದೆ.

ಸ್ಲೋ ಮೋಶನ್ ಸುಳ್ಳು, ಡೈಲಾಗೂ ಸುಳ್ಳು. ಅಜ್ಜಿ ರಟ್ಟೆ ಹಿಡಿದು ನನ್ನನ್ನು ಕುರ್ಚಿಗೆ ದೂಡಿದಳು. ಮೊದಲ ಸಲ ನಾನು ಕೈ ಎತ್ತಿದಾಗ ಯಂತ್ರ ಹಲ್ಲಿಗೆ ತಗುಲಿರಲೇ ಇಲ್ಲ. ನೋವು ಒಮ್ಮೆಯೂ ಆಗಲಿಲ್ಲ. ಆರೂ ಸಲ ಬರೀ ಪುಕ್ಕಲುತನ. ಆದರೂ ಡಾಕ್ಟರು ಬೈಯದೆ ಆರೂ ಸಲ ನಿಲ್ಲಿಸಿದರು. ಬ್ರಾಹ್ಮಿ ನಂಬಿದ್ದು ಅದನ್ನು, ನನ್ನ ಧೈರ್ಯವನ್ನಲ್ಲ. ನನ್ನ ಬಲಗೈಯನ್ನು ಅವಳೇ ಹಿಡಿದುಕೊಂಡಿದ್ದಳು. ತನ್ನ ಸರದಿಯಲ್ಲಿ ಅವಳು ಕೈ ಎತ್ತಿದ್ದು ಒಂದೇ ಸಲ, ಮೂಗು ತುರಿಸಿಕೊಳ್ಳಲು.

ಮರಳುವ ಬಸ್ಸಿನಲ್ಲಿ ಹೇಳಿದೆ: "ಅದು ಅಪ್ಪನ ಫೌಂಡ್ರಿ ಇಕ್ಕಳ. ಸುಳ್ಳ ಹೇಳಿದ್ದೆ. ತಪ್ಪಾತು."

"ಗೊತ್ತಾತ ಬಿಡು ದಾದಾ. ಕುರ್ಚಿ ಮ್ಯಾಲ ನೀ ಅತ್ತದ್ದು ನಾ ಯಾರಿಗೂ ಹೇಳಂಗಿಲ್ಲ."

ಅವಳು ಇವತ್ತಿನವರೆಗೂ ಹೇಳಿಲ್ಲ. ಅದಕ್ಕೇ ನಾನೇ ಹೇಳುತ್ತಿದ್ದೇನೆ: ಹೌದು, ಅತ್ತಿದ್ದೆ.