ಮಲ್ಲಿಗೆ ತೋಟದ ಹೊರಸು

ಮಲ್ಲಿಗೆ ಬಿಡಿಸುವ ಹೆಣ್ಣುಮಕ್ಕಳಿಗೆ ಗಡಿಯಾರ ಬೇಡ. ಬಿಸಿಲು ಏರಿದರೆ ಮೊಗ್ಗು ಬಾಡುತ್ತದೆ, ಬಾಡಿದ ಮೊಗ್ಗನ್ನು ಹಡಗಲಿ ಮಾರುಕಟ್ಟೆಯಲ್ಲಿ ಯಾರೂ ಮುಟ್ಟುವುದಿಲ್ಲ. ಹಾಗಾಗಿ ಮೂಡಲು ಬೆಳ್ಳಗಾಗುತ್ತಿದ್ದಂತೆ ಸೆರಗನ್ನು ಮಡಿಲು ಮಾಡಿ ಕಟ್ಟಿಕೊಂಡು ತೋಟಕ್ಕೆ ಇಳಿಯುತ್ತಾರೆ. ಆ ಮಬ್ಬಿನಲ್ಲಿ ಕೈಗೆ ಮೊಗ್ಗು ಸಿಗುತ್ತದೆ. ಕಾಲಿನ ಹತ್ತಿರ ಏನಿದೆ ಎಂದು ಮಾತ್ರ ಗೊತ್ತಾಗುವುದಿಲ್ಲ.

ಮಾಗಳದ ದಾರಿಯಲ್ಲಿರುವ ಒಂದು ಸಣ್ಣ ಊರಿನ ಕಥೆ ಇದು. 2003ರ ಮಳೆಗಾಲದಲ್ಲಿ ಅಲ್ಲಿ ಹುಲುಗಮ್ಮ ಎಂಬ ಹೆಂಗಸಿಗೆ ತೋಟದಲ್ಲಿ ಹಾವು ಕಚ್ಚಿತು. ಜೊತೆಯಲ್ಲಿದ್ದವರು ಹೂ ಕಟ್ಟಲು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಬಾಳೆನಾರನ್ನೇ ತೆಗೆದು ಅವಳ ಮೊಣಕಾಲ ಕೆಳಗೆ ಬಿಗಿದರು. ಒಬ್ಬರು ಮಂತ್ರ ಹಾಕುವವನನ್ನು ಕರೆಯಲು ಓಡಿದರು, ಇನ್ನೊಬ್ಬರು ಗಾಡಿ ಹುಡುಕಲು ಓಡಿದರು. ಊರಲ್ಲಿದ್ದ ಒಂದೇ ಟೆಂಪೊ ಹೂವಿನ ಬುಟ್ಟಿ ಹೇರಿಕೊಂಡು ಆಗಲೇ ಹೊರಟುಹೋಗಿತ್ತು. ಹಡಗಲಿ ಏನೂ ದೂರವಲ್ಲ. ಆದರೆ ಊರು ಬಿಡುವುದಕ್ಕೇ ಎರಡು ತಾಸು ಹಿಡಿಯಿತು. ಹುಲುಗಮ್ಮ ಉಳಿಯಲಿಲ್ಲ.

ಅವಳ ಹಣೆಯಲ್ಲಿ ಬರೆದದ್ದು ಅಷ್ಟೇ ಎಂದು ಊರು ಮಾತಾಡಿಕೊಂಡಿತು. ಗಂಗಾಂಬಿಕಾಳಿಗೆ ಮಾತ್ರ ಆ ಮಾತು ಗಂಟಲಲ್ಲಿ ಇಳಿಯಲಿಲ್ಲ. ಆ ಊರಿಗೆ ಸೊಸೆಯಾಗಿ ಬಂದು ಆಗಿನ್ನೂ ಎರಡು ವರ್ಷ. ಅವತ್ತು ಅವಳು ಪಕ್ಕದ ಸಾಲಿನಲ್ಲೇ ಇದ್ದಳು. ಏನು ಮಾಡಬೇಕೆಂದು ತಿಳಿಯದೆ, ಮಡಿಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದಳು. ಒಂದು ಜೀವ ಹೋಗುತ್ತಿದ್ದಾಗ ತಾನು ಮಡಿಲಿನ ಮೊಗ್ಗನ್ನು ಕೆಳಗೆ ಸಹ ಹಾಕಲಿಲ್ಲವಲ್ಲ ಎಂಬುದು ಅವಳನ್ನು ವರ್ಷವಿಡೀ ಕಾಡಿತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಕೇಳುವವರಾದರೂ ಯಾರು?

ಮರುವರ್ಷ ಮಳೆ ಶುರುವಾಗುವ ಮೊದಲು ಆರೋಗ್ಯ ಕಾರ್ಯಕರ್ತೆ ವಾಣಿಶ್ರೀ ಸ್ತ್ರೀಶಕ್ತಿ ಸಂಘದ ಸಭೆಗೆ ಬಂದರು. ಶಾಲೆಯ ಪಡಸಾಲೆಯಲ್ಲಿ ಎರಡೂ ಕೇರಿಯ ಹೆಂಗಸರು ಕೂತಿದ್ದರು. ಹಾವು ಹೇಳಿ ಬರುವುದಿಲ್ಲ, ಆದರೆ ನಾವು ಹೇಳಿಕೊಂಡು ತಯಾರಾಗಿ ಇರಬಹುದಲ್ಲ ಎಂದರು ವಾಣಿಶ್ರೀ. ಯಾರು ಕೂಗಿ ಊರಿಗೆ ತಿಳಿಸಬೇಕು, ಯಾರ ಗಾಡಿ, ಆಸ್ಪತ್ರೆಗೆ ಫೋನು ಯಾರು, ಜೊತೆಗೆ ಯಾರು, ಮನೆಯಲ್ಲಿ ಕೂಸುಗಳನ್ನು ನೋಡಿಕೊಳ್ಳುವವರು ಯಾರು, ಇದೆಲ್ಲ ಇವತ್ತೇ ಗೊತ್ತುಮಾಡಿಕೊಳ್ಳೋಣ ಎಂದರು. ಅದು ಎಲ್ಲರಿಗೂ ಒಪ್ಪಿಗೆಯಾಯಿತು. ಆಮೇಲೆ ಒಮ್ಮೆ ಮಾಡಿಯೂ ನೋಡೋಣ, ಒಬ್ಬರು ಹೊರಸಿನ, ಅಂದರೆ ಹಗ್ಗದ ಮಂಚದ ಮೇಲೆ ಮಲಗಿ, ನಾಲ್ಕು ಜನ ರಸ್ತೆಯವರೆಗೆ ಹೊತ್ತುಕೊಂಡು ಹೋಗಿ ಎಂದದ್ದು ಮಾತ್ರ ಒಪ್ಪಿಗೆಯಾಗಲಿಲ್ಲ.

ಎದ್ದು ನಿಂತವಳು ಗಂಗಾಂಬಿಕಾಳ ಅತ್ತೆ ಕೊಟ್ರಮ್ಮ.

“ಸಿಸ್ಟರಮ್ಮ, ಇದ್ಯಾವ ಆಟರಿ? ಜೀವ ಇರೋ ಮನಷ್ಯಾರ್ನ ನಾಕು ಮಂದಿ ಹೊರಾದು ಅಂದ್ರ ಏನು? ಬರಬಾರದ್ದನ್ನ ಬಾ ಅಂತ ಕರದಂಗ ಆತು.”

“ಕೊಟ್ರಮ್ಮಾರ, ನಿಮ್ಮ ಬಣವಿ ಮಗ್ಗಲ ನೀರಿನ ತೊಟ್ಟಿ ಐತಲ್ರಿ, ಬೆಂಕೀನ ಬಾ ಅಂತ ಕರಿಯಾಕ ಕಟ್ಟಿಸೀರೇನು?”

“ಅದು ದನ ನೀರು ಕುಡ್ಯಾಕ ಕಟ್ಟಿಸಿದ್ದು,” ಎಂದಳು ಕೊಟ್ರಮ್ಮ.

ಎಲ್ಲರೂ ನಕ್ಕರು, ವಾಣಿಶ್ರೀಯೂ ನಕ್ಕರು. ಯಾರೂ ಮಲಗಲು ಮುಂದೆ ಬರಲಿಲ್ಲವಾದ್ದರಿಂದ ಅವರೇ ಹೋಗಿ ಹೊರಸಿನ ಮೇಲೆ ಉದ್ದಕ್ಕೆ ಮಲಗಿಬಿಟ್ಟರು. ಹೊರಸು ಮಾರೆಮ್ಮನ ಮನೆಯದು. ಅವಳ ಮನೆ ಹರಿಜನ ಕೇರಿಯ ಕೊನೆಗೆ, ಮಲ್ಲಿಗೆ ತೋಟಗಳಿಗೆ ಅಂಟಿಕೊಂಡೇ ಇತ್ತು. ಮಾರೆಮ್ಮ ಮುಂದಿನ ಕಾಲಿಗೆ ಹೆಗಲು ಕೊಟ್ಟು ಎತ್ತುತ್ತಲೇ, ಸರ್ಕಾರದ ಸಂಬಳ ಭಾಳ ತೂಕ ಐತಿ ಬಿಡ್ರಿ ಎಂದಳು. ನಗುನಗುತ್ತಾ ರಸ್ತೆಯವರೆಗೆ ಹೊತ್ತರು, ಎರಡು ಸಲ ಎಡವಿದರು, ಮೂರನೆಯ ಸಲ ಸರಿಯಾಗಿ ಹೊತ್ತರು.

ಕಚ್ಚಿದ ಜಾಗವನ್ನು ಕೊಯ್ಯಬಾರದು, ಬಾಯಿಂದ ಹೀರಬಾರದು, ನಾರಿನಿಂದ ಬಿಗಿಯಬಾರದು ಎಂದು ವಾಣಿಶ್ರೀ ತಿಳಿಸಿ ಹೇಳಿದರು. ಬಿಗಿದರೆ ರಕ್ತ ನಿಂತು ಕಾಲೇ ಕೊಳೆಯಬಹುದು. ಕಾಲು ಅಲುಗಾಡದಂತೆ ದಬ್ಬೆಯಿಟ್ಟು ಸಡಿಲವಾಗಿ ಸುತ್ತಬೇಕು. ನಡೆಸಬಾರದು. ಬಾವು ಏರುವ ಮೊದಲು ಆ ಕೈಕಾಲಿನ ಬಳೆ, ಗೆಜ್ಜೆ, ಕಾಲುಂಗುರ ತೆಗೆದುಬಿಡಬೇಕು.

ಕಾಲುಂಗುರ ಎಂದ ಕೂಡಲೇ ಕೊಟ್ರಮ್ಮ ಮತ್ತೆ ಎದ್ದಳು. ಹೆಣ್ಣುಮಗಳ ಕಾಲುಂಗುರ ಯಾವಾಗ ತೆಗೆಯುತ್ತಾರೆಂದು ಈ ಸಿಸ್ಟರಮ್ಮಗೆ ಗೊತ್ತಿಲ್ಲವೇ, ಗಂಡ ಗಟ್ಟಿಯಾಗಿರುವಾಗ ಇಂಥ ಮಾತು ಕೇಳುವುದೇ ತಪ್ಪು ಎಂದು ಸೊಸೆಯ ಕೈ ಹಿಡಿದು ಎಬ್ಬಿಸಿಕೊಂಡು ಹೊರಟೇಬಿಟ್ಟಳು. ಅಷ್ಟರಲ್ಲಿ ಗಂಗಾಂಬಿಕಾಳ ಪಾಲಿಗೆ ಒಂದು ಕೆಲಸ ಬಂದಾಗಿತ್ತು. ಅವರ ತೋಟದ ಬದುವಿನಲ್ಲಿ ದೊಡ್ಡ ಬೇವಿನ ಮರವಿತ್ತು. ಅದಕ್ಕೆ ಹಳೆಯ ನೇಗಿಲ ಕಬ್ಬಿಣದ ಗುಳ ತೂಗುಹಾಕುವುದು, ಯಾರಿಗೇ ಏನಾದರೂ ಗಂಗಾಂಬಿಕಾ ಅದನ್ನು ಬಾರಿಸುವುದು ಎಂದು ಸಂಘ ಗೊತ್ತುಮಾಡಿತ್ತು.

ಗುಳ ತೂಗುಹಾಕಿದವನು ಮಾವ ಏಕಾಂತಪ್ಪ. ಯಾರೂ ಕೇಳಿರಲಿಲ್ಲ. ಒಂದು ಮುಂಜಾನೆ ತಾನೇ ಕೊಟ್ಟಿಗೆಯಿಂದ ಗುಳ ತಂದು, ಸರಪಣಿ ಹಾಕಿ ಕಟ್ಟಿ, ಪಕ್ಕದಲ್ಲಿ ಒಂದು ಕಬ್ಬಿಣದ ತುಂಡನ್ನೂ ಸಿಕ್ಕಿಸಿ, ತೋಟಕ್ಕೆ ನೀರು ಕಟ್ಟಲು ಹೋದ. ಮಾರೆಮ್ಮನ ಮೈದುನ ನಾಗೇಂದ್ರಪ್ಪ ಹೂವಿನ ಟೆಂಪೊ ಓಡಿಸುತ್ತಿದ್ದ. ಕೊನೆಯ ಹೆಂಗಸು ತೋಟದಿಂದ ಹೊರಗೆ ಬರುವವರೆಗೂ ಊರು ಬಿಡುವುದಿಲ್ಲ, ಗುಳ ಕೇಳಿದರೆ ಬುಟ್ಟಿ ಇಳಿಸುತ್ತೇನೆ ಎಂದು ಅವನು ಒಪ್ಪಿಕೊಂಡ. ಹೂ ಇಳಿಸಿ ಮಂದೀನ ಏರಿಸ್ತಾನಂತ, ದೊಡ್ಡ ಅಂಬಾರಿ ಎಂದು ಕೊಟ್ರಮ್ಮ ಆಡಿಕೊಂಡಳು.

ಗಂಗಾಂಬಿಕಾ ಎದುರು ಮಾತಾಡಲಿಲ್ಲ. ಎಂದೂ ಆಡಿದವಳಲ್ಲ. ಮಧ್ಯಾಹ್ನ ಮನೆಬಳಕೆಗೆಂದು ಒಂದಿಷ್ಟು ಮೊಗ್ಗು ಕಟ್ಟುತ್ತಾ ಕೂತಾಗ ಮನಸ್ಸಿನಲ್ಲೇ ಒಂದೊಂದಾಗಿ ಹೇಳಿಕೊಳ್ಳುತ್ತಿದ್ದಳು: ಬಿಗಿಯಬಾರದು, ಕೊಯ್ಯಬಾರದು, ನಡೆಸಬಾರದು. ಒಂದು ಮೊಗ್ಗಿಗೆ ಒಂದು ಮಾತು. ಬೆರಳಿಗೆ ಹೂ ಕಟ್ಟುವುದು ರೂಢಿಯಾದಂತೆ ಬಾಯಿಗೂ ಅದು ರೂಢಿಯಾಗಲಿ ಎಂದು.

ಆಷಾಢದ ಒಂದು ಬೆಳಗ್ಗೆ, ಇನ್ನೂ ಸಾಲು ಮುಗಿದಿರಲಿಲ್ಲ. ಪಕ್ಕದ ಸಾಲಿನಲ್ಲಿದ್ದ ಕೊಟ್ರಮ್ಮ ತಟ್ಟನೆ ಕೂತಳು. ಚೀರಲಿಲ್ಲ. ಗಿಡದ ಬುಡದಿಂದ ದಪ್ಪನೆಯ ಕೊಳಕುಮಂಡಲ ಹಾವೊಂದು ನಿಧಾನವಾಗಿ ಬದುವಿನ ಕಡೆ ಸರಿಯಿತು. ಕೊಟ್ರಮ್ಮನ ಬಲಪಾದದಲ್ಲಿ ರಕ್ತ ಜಿನುಗುತ್ತಿತ್ತು. ಅವಳು ಸೊಂಟದ ಬಾಳೆನಾರನ್ನು ಎಳೆದು ಆಗಲೇ ಮೀನಖಂಡಕ್ಕೆ ಸುತ್ತಲು ಹೊರಟಿದ್ದಳು.

ಗಂಗಾಂಬಿಕಾ ಮಡಿಲು ಬಿಟ್ಟಳು. ಈ ಸಲ ಮೊಗ್ಗೆಲ್ಲ ನೆಲಕ್ಕೆ ಚೆಲ್ಲಿತು.

“ಅತ್ತಿ, ನಾರು ಬಿಡ್ರಿ. ಕಟ್ಟಬ್ಯಾಡ್ರಿ.”

“ಕಟ್ಟಲಿಲ್ಲಂದ್ರ ವಿಷ ಏರತೈತಿ. ಸರಿ ಆಕಡಿ.”

“ಹುಲುಗಮ್ಮಗ ಕಟ್ಟಿದ್ರಲ್ಲ, ಏನಾತು?”

ಕೊಟ್ರಮ್ಮನ ಕೈ ನಿಂತಿತು. ಸೊಸೆಯ ಬಾಯಿಂದ ಇಂಥ ದನಿ ಅವಳು ಕೇಳಿರಲಿಲ್ಲ. ಗಂಗಾಂಬಿಕಾ ನಾರನ್ನು ಕಿತ್ತುಕೊಂಡು, ಅತ್ತೆಯನ್ನು ಹಾವು ಹೋದ ಕಡೆಯಿಂದ ಈಚೆ ಮಲಗಿಸಿ, ಅಲ್ಲಾಡಬ್ಯಾಡ್ರಿ ಎಂದು ಹೇಳಿ ಬೇವಿನ ಮರಕ್ಕೆ ಓಡಿದಳು. ಗುಳದ ಸದ್ದು ತೋಟ ದಾಟಿ, ಕೇರಿ ದಾಟಿ ಹೋಯಿತು.

ಅವಳು ಮರಳಿ ಬರುವಷ್ಟರಲ್ಲಿ ಸಾಲುಸಾಲಿನಿಂದ ಹೆಂಗಸರು ಬರುತ್ತಿದ್ದರು. ಯಾರೂ ಏನು ಮಾಡಬೇಕೆಂದು ಕೇಳಲಿಲ್ಲ. ಒಬ್ಬಳು ಫೋನಿದ್ದ ಅಂಗಡಿಗೆ ಓಡಿದಳು. ಮಾರೆಮ್ಮ ತನ್ನ ಅಂಗಳದಿಂದ ಹೊರಸು ತಂದಳು. ಬೇಲಿಗೆ ಒರಗಿಸಿದ್ದ ಜೋಳದ ದಂಟುಗಳನ್ನು ಕಾಲಿನ ಎರಡೂ ಮಗ್ಗುಲಿಗೆ ಇಟ್ಟು, ಒಂದು ಬೆರಳು ತೂರುವಷ್ಟು ಸಡಿಲ ಬಿಟ್ಟು ಬಟ್ಟೆ ಸುತ್ತಿದರು. ಉಳಿದದ್ದು ಕಾಲುಂಗುರ. ಬೆರಳು ಆಗಲೇ ಉಬ್ಬತೊಡಗಿತ್ತು. ಕೊಟ್ರಮ್ಮ ಸೆರಗು ಎಳೆದು ಪಾದ ಮುಚ್ಚಿಕೊಂಡಳು.

“ಅದಕ್ಕ ಕೈ ಹಚ್ಚಬ್ಯಾಡ. ನಿನ್ನ ಕಾಲು ಬೀಳ್ತೀನಿ, ಬ್ಯಾಡ.”

ಅತ್ತೆ ತನ್ನ ಕಾಲು ಬೀಳುತ್ತೇನೆ ಎನ್ನುವುದನ್ನು ಕೇಳಿ ಗಂಗಾಂಬಿಕಾ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ತೆಗೆಯದಿದ್ದರೆ ಬೆರಳು ಹೋದೀತು. ತೆಗೆದ ಮೇಲೆ ಅತ್ತೆಗೆ ಏನಾದರೂ ಆದರೆ? ಸೊಸೆ ತನ್ನ ಕೈಯಾರೆ ಮೊದಲು ಕಾಲುಂಗುರ ತೆಗೆದಳು ಎಂದು ತಾನು ಸಾಯುವವರೆಗೂ ಊರು ಹೇಳುತ್ತದೆ. ಹೆಣ್ಣಿನ ಕೈಗೆ ಅಂಟಿದ ಇಂಥ ಮಾತು ಯಾವ ನೀರಿನಲ್ಲೂ ಹೋಗುವುದಿಲ್ಲ. ಇದೆಲ್ಲ ಒಂದು ಉಸಿರಿನಲ್ಲಿ ಅವಳ ಮನಸ್ಸಿನಲ್ಲಿ ಹಾದುಹೋಯಿತು. ಹೇಳಲಿ, ಎಂದುಕೊಂಡಳು. ಸೆರಗು ಸರಿಸಿ ಕೈ ಹಾಕಿದಳು.

ಅಷ್ಟರಲ್ಲಿ ಪಂಪಿನ ಮನೆಯ ಕಡೆಯಿಂದ ಓಡಿಬಂದ ಏಕಾಂತಪ್ಪ ಹೆಂಡತಿಯ ಮಗ್ಗುಲಲ್ಲಿ ಕುಕ್ಕರುಗಾಲಿನಲ್ಲಿ ಕೂತ.

“ತಗಿಸ್ಕ್ಯಾ ಕೊಟ್ರವ್ವ. ನಾ ಇಲ್ಲೇ ಎದುರಿಗೆ ಕುಂತೀನಿ, ಕಾಣಂಗಿಲ್ಲೇನು? ನೀ ಬಾ ಮನಿಗೆ, ನಾನಾ ಹಾಕ್ತೀನಿ.”

ಕೊಟ್ರಮ್ಮ ಕಣ್ಣು ಮುಚ್ಚಿದಳು. ಕಾಲುಂಗುರ ತುಸು ಬಿಗಿಯಾಗಿಯೇ ಬಂತು. ಗಂಗಾಂಬಿಕಾ ಅದನ್ನು ಮಾವನ ಅಂಗೈಯಲ್ಲಿಟ್ಟಳು.

ನಾಲ್ವರು ಹೊರಸು ಎತ್ತಿದರು. ಮಾರೆಮ್ಮನ ಅಂಗಳಕ್ಕೆ ಎಂದೂ ಕಾಲಿಡದಿದ್ದ ಕೊಟ್ರಮ್ಮ ಮಾರೆಮ್ಮನ ಹೊರಸಿನ ಮೇಲೆ, ಮಾರೆಮ್ಮನ ಹೆಗಲ ಮೇಲೆ ಹೋಗುತ್ತಿದ್ದಳು. ನಡುದಾರಿಯಲ್ಲಿ ಹಗ್ಗ ಚುಚ್ಚುತ್ತಿದೆ ಎಂದು ಅವಳು ನರಳಿದಾಗ ಮಾರೆಮ್ಮ ಹೇಳಿದಳು.

“ಚುಚ್ಚಲಿ ಬಿಡ್ರಿ ಅವ್ವಾರ. ಎಚ್ಚರ ಇರ್ತೀರಿ.”

ರಸ್ತೆಯಲ್ಲಿ ನಾಗೇಂದ್ರಪ್ಪ ಬುಟ್ಟಿಗಳನ್ನು ಇಳಿಸಿ ಟೆಂಪೊ ತಿರುಗಿಸಿಕೊಂಡು ನಿಂತಿದ್ದ. ಗಂಗಾಂಬಿಕಾ, ಏಕಾಂತಪ್ಪ ಜೊತೆಗೆ ಹತ್ತಿದರು. ಗುಳ ಬಾರಿಸಿದ್ದಕ್ಕೂ ಟೆಂಪೊ ಹೊರಟದ್ದಕ್ಕೂ ನಡುವೆ ಕಾಲು ತಾಸು ಸಹ ಆಗಿರಲಿಲ್ಲ. ಹೋದ ವರ್ಷ ಇದೇ ಕೆಲಸಕ್ಕೆ ಎರಡು ತಾಸು ಹಿಡಿದಿತ್ತು.

ಫೋನು ಮೊದಲೇ ಹೋಗಿದ್ದರಿಂದ ಹಡಗಲಿ ಆಸ್ಪತ್ರೆಯಲ್ಲಿ ಕಾಯುತ್ತಿದ್ದರು. ಕಚ್ಚಿ ಎಷ್ಟು ಹೊತ್ತಾಯಿತು, ಕಟ್ಟಿದ್ದಿರೇನು, ಕೊಯ್ದಿರೇನು, ನಡೆಸಿದಿರೇನು ಎಂದು ಡಾಕ್ಟರು ಒಂದೊಂದಾಗಿ ಕೇಳಿದರು. ಗಂಗಾಂಬಿಕಾ ಹೊತ್ತು ಹೇಳಿದಳು, ಉಳಿದದ್ದಕ್ಕೆಲ್ಲ ಇಲ್ರಿ ಎಂದಳು. ಅವರು ತಲೆಯೆತ್ತಿ ಅವಳನ್ನು ನೋಡಿ, ಇದನ್ನೆಲ್ಲ ಯಾರು ಕಲಿಸಿದರಮ್ಮ ಎಂದರು. ನಮ್ಮ ಸಂಘ ರಿ ಎಂದಳು. ಮನಸ್ಸಿನಲ್ಲಿ ಹುಲುಗಮ್ಮನ ಹೆಸರನ್ನೂ ಹೇಳಿದಳು.

ಇತ್ತ ಊರಲ್ಲಿ ಬುಟ್ಟಿಗಳು ರಸ್ತೆಯಲ್ಲೇ ಉಳಿದಿದ್ದವು. ಬಿಸಿಲು ಏರಿತು. ಆ ದಿನದ ಹೂ ಮಾರುಕಟ್ಟೆಗೆ ಹೋಗಲಿಲ್ಲ, ಅದಕ್ಕೆ ಯಾರೂ ಗೊಣಗಲೂ ಇಲ್ಲ. ಹೆಂಗಸರೆಲ್ಲ ಬುಟ್ಟಿಗಳನ್ನು ಬೇವಿನ ನೆರಳಿಗೆ ತಂದು, ನೀರು ಚಿಮುಕಿಸಿ, ಸುಮ್ಮನೆ ಕೂತಿರಲಾರದೆ ಕಟ್ಟತೊಡಗಿದರು. ಮಾರು ಮಾರು ಮಾಲೆ ರಾಶಿ ಬಿತ್ತು. ಒಬ್ಬಳೂ ಒಂದು ತುಂಡು ಮುಡಿಯಲಿಲ್ಲ.

ನಾಲ್ಕು ಗಂಟೆಗೆ ಫೋನು ಬಂತು. ಅಂಗಡಿಯ ಅನ್ನದಾನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಂಡಿನೋವನ್ನೂ ಮರೆತು, ತೋಟದವರೆಗೆ ಓಡಿಬಂದಳು.

“ಕೊಟ್ರವ್ವ ಉಳದಾಳ. ಜೀವಕ್ಕ ಏನೂ ಭಯ ಇಲ್ಲಂತ.”

ಮಾರೆಮ್ಮ ರಾಶಿಯಿಂದ ಒಂದು ಮೊಳ ಕಿತ್ತು ತನ್ನ ತುರುಬಿಗೆ ಸುತ್ತಿಕೊಂಡಳು, ಇನ್ನೊಂದು ಮೊಳ ಕಿತ್ತು ಅನ್ನದಾನಮ್ಮನ ತುರುಬಿಗೆ ಸುತ್ತಿದಳು. ಅಷ್ಟೇ ಸಾಕಾಯಿತು. ಹೂ ಬೆಳೆಯುವ ಊರಿನಲ್ಲಿ ಹೂ ಮುಡಿಯುವುದು ಅಪರೂಪ, ಎಲ್ಲ ಬುಟ್ಟಿ ಸೇರಿ ಹೋಗಿಬಿಡುತ್ತದೆ. ಆ ದಿನ ಎರಡೂ ಕೇರಿಯ ಹೆಣ್ಣುಮಕ್ಕಳೆಲ್ಲ, ಮುದುಕಿಯರೂ, ಸಣ್ಣ ಕೂಸುಗಳೂ ಮೊಳಗಟ್ಟಲೆ ಮುಡಿದರು. ಸಂಜೆ ಅವರವರ ಅಂಗಳದಲ್ಲಿ, ಅವರವರ ತಲೆಯ ಮೇಲೆ, ಮೊಗ್ಗು ಒಂದೊಂದೇ ಅರಳಿ ಊರೆಲ್ಲ ಘಮ್ಮೆಂದಿತು.

ಕೊಟ್ರಮ್ಮ ಐದನೆಯ ದಿನ ಮನೆಗೆ ಬಂದಳು. ಬಾವು ಇಳಿದ ಮೇಲೆ ಏಕಾಂತಪ್ಪ ಹೇಳಿದ ಮಾತಿನಂತೆ ತಾನೇ ಕಾಲುಂಗುರ ಹಾಕಿದ. ಮುದುಕರಿಗೆ ಎರಡನೇ ಮದುವೆ ಎಂದು ಓಣಿಯವರು ನಕ್ಕರು. ಕೊಟ್ರಮ್ಮ ಬೈಯುತ್ತಲೇ ಕಾಲು ಚಾಚಿದಳು.

ಮುಂದಿನ ತಿಂಗಳ ಸಭೆಗೆ ಎಲ್ಲರಿಗಿಂತ ಮೊದಲು ಬಂದವಳು ಅವಳೇ. ವಾಣಿಶ್ರೀ ಬಾಯಿ ತೆರೆಯುವ ಮೊದಲೇ ಹೋಗಿ ಹೊರಸಿನ ಮೇಲೆ ಮಲಗಿದಳು.

“ಏ ಗಂಗಾ, ಹೋಗು, ಗುಳ ಬಾರಸು. ಮಾರೆವ್ವ, ಈ ಸಲ ತಲಿ ಕಡಿ ತಗ್ಗಸಬ್ಯಾಡ. ಹೋದ ಸಲ ಆಕಾಶ ಬಿಟ್ರ ಏನೂ ಕಾಣಲಿಲ್ಲ ನನಗ.”

ಗಂಗಾಂಬಿಕಾ ಬೇವಿನ ಮರದ ಕಡೆ ನಡೆದಳು. ಈ ಸಲ ಓಡುವ ಅವಸರವಿರಲಿಲ್ಲ.

ಅಕ್ಕಂದಿರೇ, ತಾಯಂದಿರೇ, ಈ ಊರಿಗೆ ಹೊಸ ಗಾಡಿ ಬಂದಿರಲಿಲ್ಲ, ಹೊಸ ಆಸ್ಪತ್ರೆಯೂ ಬಂದಿರಲಿಲ್ಲ. ಇದ್ದ ಟೆಂಪೊ, ಇದ್ದ ಹೊರಸು, ಇದ್ದ ಹೆಗಲುಗಳೇ ಕೊಟ್ರಮ್ಮನನ್ನು ಉಳಿಸಿದವು. ಮೊದಲೇ ಕೂತು ಮಾತಾಡಿಕೊಂಡಿದ್ದರು, ಅಷ್ಟೇ ಹೊಸದು. ತೋಟಕ್ಕೆ ಹೋಗುವಾಗ ಕಾಲಿಗೆ ಚಪ್ಪಲಿ, ಕೈಯಲ್ಲಿ ಕೋಲು ಮತ್ತು ಬ್ಯಾಟರಿ ಇರಲಿ. ಹಾವು ಕಚ್ಚಿದರೆ ಬಿಗಿಯಬೇಡಿ, ಕೊಯ್ಯಬೇಡಿ, ಮಂತ್ರಕ್ಕೆ ಹೊತ್ತು ಕಳೆಯಬೇಡಿ. ಅಲುಗಾಡದಂತೆ ಮಲಗಿಸಿ ನೇರ ಆಸ್ಪತ್ರೆಗೆ ಒಯ್ಯಿರಿ. ಹಾವೇ ಆಗಬೇಕೆಂದಿಲ್ಲ. ಬಣವೆಗೆ ಬೆಂಕಿ ಬೀಳಬಹುದು, ಹೊಳೆ ಏರಬಹುದು, ಹೆರಿಗೆಯ ನೋವು ಹೊತ್ತಲ್ಲದ ಹೊತ್ತಿನಲ್ಲಿ ಬರಬಹುದು. ಅಂಥ ಹೊತ್ತಿನಲ್ಲಿ ನಿಮ್ಮ ಓಣಿಯಲ್ಲಿ ಕೂಗುವವರು ಯಾರು? ಗಾಡಿ ಯಾರದು? ಹೊರಸು ಎತ್ತುವ ನಾಲ್ಕು ಹೆಗಲು ಯಾವುವು? ಈ ಕಥೆ ಅಚ್ಚಾದ ಚೀಟಿ ಕೈಯಲ್ಲಿರುವಾಗಲೇ ಪಕ್ಕದ ಮನೆಯವರನ್ನು ಕರೆದು ಕೇಳಿ. ಉತ್ತರ ಸಿಗದಿದ್ದರೆ, ಇವತ್ತೇ ನಿಮ್ಮೂರಿನ ಮರಕ್ಕೂ ಒಂದು ಗುಳ ತೂಗುಹಾಕಿ.