ಪಟದ ಹಿಂದಿನ ಬೀಗದ ಕೈ

ಕನ್ನಡಿಯಲ್ಲಿ ಆಟೋದವನ ಕಣ್ಣು ಮತ್ತೆ ಚೀಲದ ಮೇಲೆ ಬಿತ್ತು, ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡಿರುವ ಈ ಉದ್ದನೆಯ ಕ್ಯಾನ್ವಾಸ್ ಚೀಲದ ಮೇಲೆ, ಏನ್ ಅಂಕಲ್ ತಂಬೂರಿನಾ, ಹೂಂ ಅಂದುಬಿಟ್ಟರು ಗುರುಶಾಂತಪ್ಪ, ಹೂಂ ಅನ್ನದೆ ಇನ್ನೇನು ಅನ್ನುವುದು, ಒಂಟಿನಳಿಗೆ ಕೋವಿ ಕಣಪ್ಪ, ನಮ್ಮಪ್ಪನ ಕಾಲದ್ದು, ಲೈಸೆನ್ಸು ನನ್ನ ಹೆಸರಲ್ಲೇ ಇದೆ, ಸ್ಟೇಷನ್ನಿಗೆ ಒಪ್ಪಿಸೋಕೆ ಹೊರಟಿದ್ದೀನಿ ಅಂದರೆ ಬನಶಂಕರಿ ದೇವಸ್ಥಾನದ ಮುಂದೆಯೇ ಇಳಿಸಿ ಹೋದಾನು, ಸಂಗೀತದ ಮುದುಕ ಅಂದುಕೊಳ್ಳಲಿ, ನಷ್ಟವೇನು, ಹುಟ್ಟಿದ ಮೇಲೆ ಒಂದು ಸ್ವರ ನೆಟ್ಟಗೆ ಹಾಡಿದವರಲ್ಲ ತಾವು — ಹೂವಿನವಳು ಅಡ್ಡ ಬಂದಳು, ಬ್ರೇಕು, ಚೀಲ ವಾಲಿತು, ಕೈ ತಾನಾಗಿ ಅದರ ಕುತ್ತಿಗೆ ಹಿಡಿಯಿತು, ಬುಟ್ಟಿಯ ತುಂಬ ಕೆಂಪು ಗುಲಾಬಿ, ಕೆಂಪು ಕಂಡಿದ್ದೇ ತಪ್ಪಾಯಿತು, ಮಗ ಸೋಮನ ಗದ್ದದ ಕೆಳಗಿನ ಆ ಕೆಂಪು ಕಣ್ಣೆದುರಿಗೆ ಬಂದು ನಿಂತಿತು, ಬೇಡ, ಈಗ ಬೇಡ, ಸ್ಟೇಷನ್ ಮುಟ್ಟಲಿ ಮೊದಲು, ಈ ಪೀಡೆ ಕೈ ಬಿಡಲಿ. ಅಪ್ಪ ಬದುಕಿದ್ದಾಗ ಇದನ್ನು ಪೀಡೆ ಅಂದಿದ್ದರೆ ಕಪಾಳಕ್ಕೆ ಬೀಳುತ್ತಿತ್ತು. ತಿಪಟೂರಿನ ತೋಟಕ್ಕೆ ನುಗ್ಗುವ ಹಂದಿ ಹೆದರಿಸಲು ಇಟ್ಟುಕೊಂಡದ್ದು, ತೋಟ ಹೋಯಿತು, ಹಂದಿ ಎಲ್ಲಿ ಹೋದವೋ, ಕೋವಿ ಮಾತ್ರ ಬನಶಂಕರಿ ಎರಡನೇ ಹಂತದ ಬೀರುವಿಗೆ ಬಂದು ಸೇರಿತು, ಬೆಂಗಳೂರಿನಲ್ಲಿ ಹೊಡೆಯಲು ಏನಿದೆ, ಪಾರಿವಾಳ. ಆದರೂ ನೆಂಟರು ಬಂದಾಗ ಒಮ್ಮೆ ಬೀರು ತೆಗೆದು ತೋರಿಸುವ ಚಪಲ ಇತ್ತಲ್ಲ, ಇತ್ತು, ಇಲ್ಲ ಅಂದರೆ ಸುಳ್ಳಾದೀತು.

ನಿನ್ನೆ ಸೋಮನನ್ನು ಸೇರಿಸಿದ ಆಸ್ಪತ್ರೆಯಲ್ಲಿ ಡಾಕ್ಟರ್ ಜ್ಯೋತ್ಸ್ನಾ ಅದನ್ನು ಕೇಳಿದ ರೀತಿ ನೋಡಬೇಕಿತ್ತು, ಶುಗರ್ ಇದೆಯಾ ಬಿಪಿ ಇದೆಯಾ ಅಂತ ಕೇಳುವ ದನಿಯಲ್ಲೇ, ಮನೇಲಿ ಗನ್ನು, ಕ್ರಿಮಿನಾಶಕ, ಉಳಿದಿರೋ ನಿದ್ದೆ ಮಾತ್ರೆ ಏನಾದ್ರೂ ಇದೆಯಾ ಸಾರ್. ಇವರು ಬಾಯಿ ತೆಗೆಯುವಷ್ಟರಲ್ಲಿ ಪಕ್ಕದಲ್ಲಿ ಕೂತ ಶಾಂತಾದೇವಿ, ಗನ್ನಿದೆ ಮೇಡಂ, ನಮ್ಮ ರೂಮಿನ ಬೀರುವಲ್ಲಿ. ಹೆಂಡತಿಯ ಬಾಯಿಗೆ ಬೀಗ ಇಲ್ಲ ಅಂತ ಆ ಕ್ಷಣಕ್ಕೆ ಮೈ ಉರಿದದ್ದು ನಿಜ, ಬೀಗ ಹಾಕಿದೆ ಮೇಡಂ, ತೋಟಾ ಬೇರೆ ಡಬ್ಬಿಯಲ್ಲಿವೆ, ನಾನು ಕರೆಂಟ್ ಆಫೀಸಿನಲ್ಲಿ ಇಂಜಿನಿಯರ್ ಆಗಿದ್ದವನು, ಸೇಫ್ಟಿ ಅಂದ್ರೇನು ಅಂತ ನನಗೆ ಹೇಳಿಕೊಡಬೇಕಾಗಿಲ್ಲ. ಬೀಗದ ಕೈ ಎಲ್ಲಿರುತ್ತೆ ಸಾರ್. ದೇವರ ಮನೇಲಿ. ಎಲ್ಲಿ. ಗುರುಗಳ ಪಟದ ಹಿಂದೆ. ಸೋಮನಾಥ್‌ಗೆ ಗೊತ್ತಾ. ಮನೆಯಲ್ಲಿ ಯಾರಿಗೆ ಗೊತ್ತಿಲ್ಲ, ಕೆಲಸದ ಯಲ್ಲಮ್ಮನಿಗೂ ಗೊತ್ತು, ಪಟದ ಹಿಂದೆ ಇಟ್ಟದ್ದನ್ನು ಯಾರು ಮುಟ್ಟುತ್ತಾರೆ, ಅಪ್ಪನೂ ಅಲ್ಲೇ ಇಡುತ್ತಿದ್ದರು, ದೇವರ ಕಾವಲಿಗಿಂತ ದೊಡ್ಡ ಕಾವಲುಂಟೇ. ಆಕೆ ನಗಲಿಲ್ಲ, ಬೈಯಲೂ ಇಲ್ಲ. ಮಾತ್ರೆ ಹಿಡಿದಿದೆ, ಊಟ ಮಾಡ್ತಿದ್ದಾರೆ, ನಿದ್ದೆ ಬರ್ತಿದೆ, ನಾಡಿದ್ದು ಮನೆಗೆ ಕಳಿಸಬಹುದು ಸಾರ್, ಆದ್ರೆ ಅದು ಮನೆಯಿಂದ ಹೊರಗೆ ಹೋದ್ಮೇಲೆ, ಕೆಟ್ಟ ಗಳಿಗೆ ಅನ್ನೋದು ಬಂದು ಹೋಗುತ್ತೆ, ಆ ಗಳಿಗೇಲಿ ಕೈಗೆ ಏನು ಸಿಗುತ್ತೆ ಅನ್ನೋದು ಮುಖ್ಯ.

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಗಂಡಹೆಂಡತಿಯ ಜಗಳ ಶುರುವಾಯಿತು. ಊರೋರ ಮುಂದೆ ಮಾನ ಕಳೀತೀಯಾ, ಸ್ಟೇಷನ್ನಲ್ಲಿ ಯಾಕೆ ಅಂತ ಕೇಳಿದ್ರೆ ಮಗನಿಗೆ ಹುಚ್ಚು ಅಂತ ಹೇಳ್ಲಾ. ಅವಳು ಕುಕ್ಕರಿಗೆ ಅಕ್ಕಿ ಹಾಕುತ್ತಲೇ, ಎಲೆಕ್ಷನ್ ಬಂದ್ರೆ ಒಂದು ಮಾತಾಡ್ದೆ ತಗೊಂಡೋಗಿ ಒಪ್ಪಿಸಿ ಬರ್ತೀರಿ, ತಿಂಗಳುಗಟ್ಟಲೆ ಅಲ್ಲೇ ಬಿದ್ದಿರುತ್ತೆ, ಆಗ ಹೋಗದ ಮಾನ ಈಗೇನ್ರೀ ಹೋಗೋದು, ಯಾರೋ ಓಟಿಗೆ ನಿಂತೋರಿಗೋಸ್ಕರ ಕೊಡ್ತೀರಿ, ಹೆತ್ತ ಮಗನಿಗೋಸ್ಕರ ಕೊಡಲ್ಲ. ಮಾತಿನಲ್ಲಿ ಸೋತ ಗಂಡಸರು ಮಾಡುವುದನ್ನೇ ಮಾಡಿದರು, ಟೀವಿ ಹಾಕಿದರು. ಆದರೆ ಮಾತು ಒಳಗೆ ಕೂತಿತು. ಸರ್ವಿಸಿನಲ್ಲಿ ಲೈನ್‌ಮನ್ನುಗಳಿಗೆ ಎಷ್ಟು ಸಲ ಹೇಳಿಲ್ಲ, ಸ್ವಿಚ್ ಆಫ್ ಮಾಡಿದ್ದೀನಿ ಅಂದ್ರೆ ಸಾಲದು, ಫ್ಯೂಸ್ ಕಿತ್ತು ನಿನ್ನ ಜೇಬಿಗೆ ಹಾಕ್ಕೋ, ಆಮೇಲೆ ಕಂಬ ಹತ್ತು, ಹನುಮಯ್ಯ ಒಂದು ದಿನ ಫ್ಯೂಸನ್ನು ಕಟ್ಟೆ ಮೇಲಿಟ್ಟು ಹತ್ತಿದ್ದಕ್ಕೆ ಮೆಮೊ ಕೊಟ್ಟವರು ತಾವು, ಯಾರೂ ಮುಟ್ಟಲ್ಲ ಸಾರ್ ಅಂದಿದ್ದ ಪಾಪ, ಯಾರೂ ಮುಟ್ಟಲ್ಲ ಅನ್ನೋದು ಸೇಫ್ಟಿ ಅಲ್ಲ ಕಣಯ್ಯ ಅಂತ ಎಲ್ಲರ ಮುಂದೆ ಗದರಿದ್ದರು. ಇದು ಆರನೇ ಕ್ರಾಸಾ, ಎಡಕ್ಕೆ ತಗೊಳಪ್ಪ.

ಇವತ್ತು ಬೆಳಗ್ಗೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಪಟದ ಹಿಂದೆ ಕೈ ಹಾಕಿದರು, ಬೀಗದ ಕೈ ಇತ್ತು, ಇರುವ ಜಾಗದಲ್ಲೇ ಇತ್ತು, ನೋಡಿದೆಯಾ ಅಂತ ಶಾಂತಾಳನ್ನು ಕೂಗಬೇಕು ಅನ್ನಿಸಿತ್ತು. ಬೀರು ತೆಗೆದರು. ಆಯುಧಪೂಜೆಯ ದಿನ ಮನೆಯ ಕಟಿಂಗ್ ಪ್ಲೇಯರು, ಟೆಸ್ಟರು, ಸೋಮನ ಸ್ಕೂಟರು ಎಲ್ಲದರ ಜೊತೆ ಕೋವಿಗೂ ಮೂರೆಳೆ ವಿಭೂತಿ ಎಳೆದು, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ನಳಿಗೆಯ ಬಾಯಿಗೆ ಸುತ್ತಲೂ ಹಚ್ಚಿದ್ದರು, ಉಂಗುರದ ಬೆರಳಿನಿಂದ, ತುಂಬಾ, ಅಪ್ಪ ಹಚ್ಚುತ್ತಿದ್ದ ಹಾಗೆ. ಅವತ್ತೇ ಸಂಜೆ ಒಳಗಿಟ್ಟು ಬೀಗ ಹಾಕಿದ್ದು, ಆಮೇಲೆ ತೆಗೆದೇ ಇಲ್ಲ, ತಾವು ತೆಗೆದಿಲ್ಲ. ವಿಭೂತಿಯ ಎಳೆ ಹಾಗೇ ಇತ್ತು. ಬಾಯಿಯ ಕುಂಕುಮ ಇರಲಿಲ್ಲ. ಎಲ್ಲೋ ಒಂದಿಷ್ಟು ಅಂಚಿಗೆ ಅಂಟಿಕೊಂಡಿದೆ, ಉಳಿದದ್ದನ್ನು ಯಾರೋ ಒತ್ತಿ ತೆಗೆದ ಹಾಗೆ, ಯಾರೋ ಏನು ಯಾರೋ. ಹಬ್ಬದ ಮಾರನೆಯ ಬೆಳಗ್ಗೆ, ವಿಜಯದಶಮಿ, ಶಾವಿಗೆ ಉಪ್ಪಿಟ್ಟು, ಸೋಮ ಎದುರಿಗೆ ಕೂತಿದ್ದಾನೆ, ಕಾಲೇಜಿಗೆ ಹೋಗುವುದು ಬಿಟ್ಟಿದ್ದಾನೆ, ಹುಡುಗರಿಗೆ ಕೆಮಿಸ್ಟ್ರಿ ಹೇಳೋಕೆ ಬಾಯೇ ಬರಲ್ಲ ಅಪ್ಪ ಅನ್ನುತ್ತಿದ್ದಾನೆ, ರಜೆ ಹಾಕೋ ಸರಿಹೋಗುತ್ತೆ ಅನ್ನುತ್ತಿದ್ದಾರೆ ಇವರು — ಲೋಟ ತೆಗೆದುಕೊಂಡು ತಲೆ ಎತ್ತಿ ನೀರು ಕುಡಿಯುತ್ತಿದ್ದಾನೆ, ಗದ್ದದ ಕೆಳಗೆ, ಗಂಟಲಿಗಿಂತ ಸ್ವಲ್ಪ ಮೇಲೆ, ದುಂಡಗೆ ಕೆಂಪು ಉಂಗುರ. ಎಷ್ಟು ಸಂತೋಷವಾಗಿತ್ತು ಅವತ್ತು. ಏನೋ, ಮದುವೆ ಗಂಡಿನ ಹಾಗೆ ಕುಂಕುಮ ಮೆತ್ಕೊಂಡಿದ್ದೀಯಾ, ಒರೆಸ್ಕೋ. ಹೂಂ ಅಪ್ಪ. ಅಂಗೈಯಿಂದ ಒರೆಸಿಕೊಂಡು ಅಂಗೈ ನೋಡಿಕೊಂಡ. ಇವರು ಅಡುಗೆಮನೆಗೆ ಹೋಗಿ, ನಿನ್ನ ಮಗ ಇವತ್ತು ದೇವರಿಗೆ ಕೈ ಮುಗಿದಿದ್ದಾನೆ ಕಣೇ, ಇನ್ನು ಸರಿ ಹೋಗ್ತಾನೆ ಬಿಡು. ಆ ವಾರದಲ್ಲೇ ಬಚ್ಚಲ ಮನೆ ಬಾಗಿಲಲ್ಲಿ ಕೂತು ಅವನು ತಾಯಿಗೆ, ಇರೋದೇ ಬೇಡ ಅನ್ನಿಸ್ತಿದೆ ಅಮ್ಮ, ಎಲ್ಲಾದ್ರೂ ಕರ್ಕೊಂಡು ಹೋಗು ಅಂದದ್ದು, ಅವಳು ಉಟ್ಟ ಸೀರೆಯಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು. ಶಾಂತಾಳಿಗೆ ನಳಿಗೆಯ ವಿಷಯ ಹೇಳಲಿಲ್ಲ. ಚೀಲದ ದಾರ ಬಿಗಿದು ಕಟ್ಟಿ ಆಟೋ ಕರೆದರು.

ಎಲೆಕ್ಷನ್ ಇಲ್ವಲ್ಲ ಸಾರ್, ಏನ್ ಈ ಕಡೆ, ಹೆಡ್ ಕಾನ್‌ಸ್ಟೆಬಲ್ ಯಲ್ಲಯ್ಯ ಎದ್ದು ಕುರ್ಚಿ ಎಳೆದ, ಪ್ರತಿ ಓಟಿಗೂ ಇವನ ಕೈಗೇ ಕೊಟ್ಟು ಇವನ ಕೈಯಿಂದಲೇ ತಂದದ್ದು, ಹಳೆಯ ಪರಿಚಯ, ಅದೇ ಕಷ್ಟ. ಕೇದಾರಕ್ಕೆ ಹೋಗ್ತಿದ್ದೀವಿ, ಮನೇಲಿ ಯಾರೂ ಇರಲ್ಲ — ದಾರಿಯುದ್ದ ಕಟ್ಟಿಕೊಂಡು ಬಂದ ಸುಳ್ಳು ಎಷ್ಟು ನುಣ್ಣಗೆ ಬಂತು ಬಾಯಿಂದ. ಒಳ್ಳೇದಾಯ್ತು ಸಾರ್, ವಾಪಸ್ ಬಂದ ಕೂಡ್ಲೇ ಬನ್ನಿ, ಇದೇ ಬೀರುವಲ್ಲಿ ಇಟ್ಟಿರ್ತೀನಿ, ಅವತ್ತೇ ಕೊಟ್ಟು ಕಳಿಸ್ತೀನಿ. ಅವತ್ತೇ ಕೊಟ್ಟು ಕಳಿಸುತ್ತಾನಂತೆ, ಕೊಟ್ಟೇ ಕೊಡುತ್ತಾನೆ, ಒಳ್ಳೆಯ ಮನುಷ್ಯ. ಹಾಗಲ್ಲ ಯಲ್ಲಯ್ಯ. ಏನ್ ಸಾರ್. ಕೇದಾರ ಇಲ್ಲ ಏನಿಲ್ಲ, ಮಗನಿಗೆ ಮನಸ್ಸು ಸರಿ ಇಲ್ಲ, ಆಸ್ಪತ್ರೇಲಿದ್ದಾನೆ, ನಾನು ಬಂದು ಕೇಳಿದ್ರೂ ಕೊಡಬೇಡ, ಲೈಸೆನ್ಸೇ ವಾಪಸ್ ಕೊಡೋದಕ್ಕೆ ಏನು ಮಾಡಬೇಕು ಹೇಳು. ಆಕಾಶ ಕಳಚಿ ಬೀಳಲಿಲ್ಲ. ಯಲ್ಲಯ್ಯ ಪೆನ್ನು ಕೆಳಗಿಟ್ಟ, ನಮ್ಮ ತಮ್ಮನೂ ಹಿಂಗೇ ಇದ್ದ ಸಾರ್, ಈಗ ಆರಾಮಾಗಿದ್ದಾನೆ, ಟೀ ಹೇಳ್ಲಾ ಅಂದ, ಅಷ್ಟೇ, ಇಷ್ಟಕ್ಕೆ ಇಷ್ಟು ದಿನ ಹೆದರಿದ್ದು. ಫೋನು. ಆಸ್ಪತ್ರೆಯಿಂದ ಶಾಂತಾ. ಕೊಟ್ರಾ. ಕೊಟ್ಟೆ, ಪೂರ್ತಿ ಕೊಟ್ಟೆ. ಅವಳ ಉಸಿರು ಕೇಳಿಸಿತು, ಇರಿ ಡಾಕ್ಟ್ರು ಇಲ್ಲೇ ಇದಾರೆ, ಮಾತಾಡ್ಬೇಕಂತೆ. ಒಳ್ಳೇ ಕೆಲಸ ಮಾಡಿದ್ರಿ ಸಾರ್, ಇನ್ನೊಂದೇ ವಿಷಯ, ಸೋಮನಾಥ್ ಯಾವತ್ತಾದ್ರೂ ಅದನ್ನ ಕೈಗೆ ತಗೊಂಡಿದ್ರಾ, ಅವ್ರು ಇಲ್ಲ ಅಂತಿದ್ದಾರೆ. ತಾವೂ ಇಲ್ಲ ಅಂದರೆ ನಾಳೆ ಮನೆಗೆ ಬರುತ್ತಾನೆ, ಅವಳು ಆಗಲೇ ಅವನ ಹಾಸಿಗೆಗೆ ಹೊಸ ಹೊದಿಕೆ ಹಾಕಿದ್ದಾಳೆ, ಕೋವಿಯಂತೂ ಹೋಯಿತಲ್ಲ, ಇನ್ನು ಹೇಳಿ ಏನು, ಹೇಳಿದರೆ ಇನ್ನೂ ಎಷ್ಟು ದಿನ ಇಟ್ಟುಕೊಳ್ಳುತ್ತಾರೋ, ಡಾಕ್ಟರ ಪಕ್ಕದಲ್ಲಿ ಶಾಂತಾ ನಿಂತಿದ್ದಾಳೆ, ಸ್ಪೀಕರ್ ಹಾಕಿರುತ್ತಾಳೆ ಅವಳು, ಯಾವಾಗಲೂ ಹಾಕಿರುತ್ತಾಳೆ — ತಗೊಂಡಿದ್ದಾನೆ ಮೇಡಂ. ನಿಮಗೆ ಹೇಗೆ ಗೊತ್ತು ಸಾರ್. ಹೇಗೆ ಗೊತ್ತು ಅಂದರೆ, ಹಬ್ಬದ ಮಾರನೇ ದಿನ, ಉಪ್ಪಿಟ್ಟು ತಿಂತಿದ್ದ, ನಾನೇ ಒರೆಸ್ಕೋ ಅಂದೆ ಮೇಡಂ. ಏನನ್ನ ಸಾರ್. ಸಾರ್, ಲೈನಲ್ಲಿದ್ದೀರಾ. ಇದ್ದಾರೆ, ಮಾತು ಮಾತ್ರ ಅಲ್ಲಿಂದ ಮುಂದೆ ಹೋಗುತ್ತಿಲ್ಲ, ಸೋಮ ಲೋಟ ಎತ್ತಿದ್ದಾನೆ, ತಲೆ ಎತ್ತಿದ್ದಾನೆ, ನೀರು ಇಳಿಯುತ್ತಿದೆ, ಗದ್ದದ ಕೆಳಗೆ ದುಂಡಗೆ ಕೆಂಪು ಉಂಗುರ, ದುಂಡಗೆ, ನಳಿಗೆಯ ಬಾಯಿಯಷ್ಟೇ ದುಂಡಗೆ.